ಸಣ್ಣ ಸುದ್ದಿ ನಿಂತರೆ ಗೆಳೆತನ ಎಲ್ಲಿಗೆ ಬರುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಓದು ಮುಗಿದು, ಕೆಲಸ ಹಿಡಿದು, ಮನೆ ಬದಲಿಸಿ, ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೊರಟುಹೋಗುವ ವಯಸ್ಸು ಇಪ್ಪತ್ತರಿಂದ ಮೂವತ್ತು. ಈ ವಯಸ್ಸಿನ ಓದುಗರ ಪ್ರಶ್ನೆಗಳಿಗೇ ಈ ಬಾರಿಯ ಅಂಕಣ ಮೀಸಲು. ಜಗಳವಾಡಿ ದೂರವಾದವರ ಪ್ರಶ್ನೆ ಇಲ್ಲಿ ಒಂದೂ ಇಲ್ಲ. ಯಾವ ಕಾರಣವೂ ಇಲ್ಲದೆ ಮಾತು ತಾನಾಗಿಯೇ ಕಡಿಮೆಯಾಗುತ್ತಿದೆ ಎಂಬುದೇ ಎಲ್ಲರ ಸಂಕಟ.

ಪ್ರಶ್ನೆ: ಕಾಲೇಜು ಮುಗಿದು ಮೂರು ವರ್ಷವಾಯಿತು. ನಮ್ಮ ಆರು ಜನರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರುವುದಿಲ್ಲ. "ಏನ್ ಸಮಾಚಾರ" ಎಂದು ಕೇಳಿದರೆ "ಎಲ್ಲಾ ಆರಾಮ್, ನಿಂದು?" ಅನ್ನುವಲ್ಲಿಗೆ ಮುಗಿಯುತ್ತದೆ. ಮತ್ತೆ ಮಾತು ಹುಟ್ಟಿಸುವುದು ಹೇಗೆ?

"ಏನ್ ಸಮಾಚಾರ" ಎಂಬುದು ಕೇಳುವವರಿಗೆ ಸುಲಭ, ಹೇಳುವವರಿಗೆ ಕಷ್ಟ. ಮೂರು ತಿಂಗಳಲ್ಲಿ ನಡೆದದ್ದರಲ್ಲಿ ಹೇಳಲು ಯೋಗ್ಯವಾದದ್ದು ಯಾವುದು ಎಂದು ಹುಡುಕಬೇಕು. ಕೆಲಸ ಸಿಕ್ಕಿಲ್ಲ, ಮದುವೆ ನಿಶ್ಚಯವಾಗಿಲ್ಲ, ಹಾಗಾದರೆ ಹೇಳಲು ಏನೂ ಇಲ್ಲ ಅನ್ನಿಸುತ್ತದೆ. ಆಗ ಬಾಯಿಗೆ ಬರುವ ಉತ್ತರ "ಆರಾಮ್".

ನಿಮ್ಮ ಗ್ರೂಪ್‌ನಲ್ಲಿ ನಿಂತುಹೋಗಿರುವುದು ಸಣ್ಣ ಸುದ್ದಿ. ಹೊಸ ಮೇಲಧಿಕಾರಿಯ ಸ್ವಭಾವ, ರೂಮ್‌ಮೇಟ್ ಜೊತೆಗಿನ ಕಿರಿಕಿರಿ, ಬೆಳಗ್ಗೆ ಆರಕ್ಕೆ ಏಳುವ ಪ್ರಯತ್ನ, ಹೊಸ ಕನ್ನಡಕ, ಇಂಥವು. ಇವು ನಿಂತರೆ ದೊಡ್ಡ ಸುದ್ದಿಯನ್ನೂ ಹೇಳಲಾಗುವುದಿಲ್ಲ. ಕೆಲಸ ಬಿಡುತ್ತಿದ್ದೇನೆ ಎಂದು ಹೇಳಹೊರಟರೆ ಆಫೀಸು ಎಂಥದ್ದು, ಯಾರು ಯಾರ ಪಕ್ಷ, ಎಷ್ಟು ದಿನದಿಂದ ಹೀಗೆ ಎಂಬುದೆಲ್ಲವನ್ನೂ ಮೊದಲಿಂದ ಬಿಡಿಸಬೇಕು. ಅಷ್ಟು ತಾಳ್ಮೆ ಯಾರಿಗಿದೆ ಎಂದು ಬಿಟ್ಟುಬಿಡುತ್ತೇವೆ. ನಿಮ್ಮ ಬದುಕಿನಲ್ಲಿ ಈಗ ಇರುವ ನಾಲ್ಕೈದು ಜನರ ಹೆಸರು ನಿಮ್ಮ ಗೆಳೆಯರಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ಗೊತ್ತಿಲ್ಲದಿದ್ದರೆ ದುರಸ್ತಿ ಅಲ್ಲಿಂದಲೇ ಶುರುವಾಗಬೇಕು.

ಹೀಗೆ ಮಾಡಿ. ಆರು ಜನರಲ್ಲಿ ನಿಮಗೆ ಹೆಚ್ಚು ಹತ್ತಿರವಿರುವ ಒಬ್ಬರ ಜೊತೆ ಮೊದಲು ಖಾಸಗಿಯಾಗಿ ಮಾತಾಡಿ ಒಪ್ಪಿಸಿ. ಒಬ್ಬರೇ ಹಾಕಿದ ಮೆಸೇಜ್‌ಗೆ "ಬೇರೆ ಯಾರಾದರೂ ಉತ್ತರಿಸುತ್ತಾರೆ" ಎಂದು ಐವರೂ ಸುಮ್ಮನಿರುತ್ತಾರೆ. ಇಬ್ಬರು ಮಾತಾಡುತ್ತಿದ್ದರೆ ಮೂರನೆಯವರು ನಡುವೆ ಬಾಯಿ ಹಾಕುತ್ತಾರೆ. ಆಮೇಲೆ ವಾರಕ್ಕೊಂದು ದಿನ ಗೊತ್ತು ಮಾಡಿ. ಭಾನುವಾರ ರಾತ್ರಿ ಅಂದುಕೊಳ್ಳಿ. ಒಬ್ಬೊಬ್ಬರೂ ಆ ವಾರದ ಒಂದು ಫೋಟೊ, ಅದರ ಕೆಳಗೆ ಎರಡು ಸಾಲು ಹಾಕಬೇಕು. ಫೋಟೊ ಚೆನ್ನಾಗಿರಬೇಕಿಲ್ಲ, ಕೆಲಸದ ಮೇಜು, ಬಸ್ಸಿನ ಕಿಟಕಿ, ಹರಿದ ಶೂ, ಏನಾದರೂ ಸರಿ. ಆ ವಾರದ್ದೇ ಆಗಿರಬೇಕು ಎಂಬ ನಿಯಮ ಮಾತ್ರ ಸಡಿಲಿಸಬೇಡಿ. ಹಳೆಯದನ್ನು ಸೇರಿಸಲು ಹೊರಟರೆ ಅದು ವರದಿಯಾಗುತ್ತದೆ, ವರದಿ ಬರೆಯುವುದನ್ನು ಎಲ್ಲರೂ ಮುಂದೂಡುತ್ತಾರೆ. ಒಂದು ವಾರ ತಪ್ಪಿದರೆ ತಪ್ಪಿತು, ಅದಕ್ಕೆ ಕ್ಷಮೆ ಕೇಳುವುದೂ ಬೇಡ, ಮುಂದಿನ ವಾರ ಎರಡು ಹಾಕುವುದೂ ಬೇಡ.

ಶುರು ಮಾಡುವ ಹೊಣೆಯನ್ನು ತಿಂಗಳಿಗೊಬ್ಬರಂತೆ ಹಂಚಿ. ವಾರಕ್ಕೊಬ್ಬರು ಎಂದು ಮಾಡಿದರೆ ಮರೆಯುವ ಮೊದಲ ವ್ಯಕ್ತಿಯ ಹತ್ತಿರವೇ ಸರಪಳಿ ಕಡಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜನ್ನು 30 ದಿನ ಪಿನ್ ಮಾಡಬಹುದು, ಆ ತಿಂಗಳು ಯಾರ ಸರದಿ ಎಂದು ಬರೆದು ಪಿನ್ ಮಾಡಿಬಿಡಿ. ಪ್ರತಿಕ್ರಿಯೆಯ ವಿಷಯದಲ್ಲೂ ಒಂದು ಮಾತು ಮಾಡಿಕೊಳ್ಳಿ: ಎಲ್ಲರ ಫೋಟೊಗೂ ಹೃದಯದ ಗುರುತು ಒತ್ತುವುದಕ್ಕಿಂತ, ಯಾರಾದರೂ ಒಬ್ಬರಿಗೆ ಒಂದು ಪ್ರಶ್ನೆ ಕೇಳುವುದು ಮೇಲು.

ಪ್ರವಾಸದ ಯೋಜನೆಯನ್ನು ಮಾತ್ರ ಈ ಗ್ರೂಪ್‌ಗೆ ತರಬೇಡಿ. "ಯಾವಾಗ ಹೋಗೋಣ?" ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದವರು ಗ್ರೂಪ್ ತೆರೆಯುವುದನ್ನೇ ನಿಲ್ಲಿಸುತ್ತಾರೆ. ಅದಕ್ಕೆ ಬೇರೆ ಗ್ರೂಪ್ ಮಾಡಿ, ಮೂರು ದಿನಾಂಕ ಕೊಟ್ಟು ಪೋಲ್ ಹಾಕಿ, ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಿ. ಆರರಲ್ಲಿ ಮೂವರು ಬಿಡದೆ ಹಾಕುತ್ತಿದ್ದರೆ ನಿಮ್ಮ ಗ್ರೂಪ್ ಬದುಕಿದೆ. ಉಳಿದವರು ಓದುತ್ತಿರುತ್ತಾರೆ, ಅದೂ ಭಾಗವಹಿಸುವಿಕೆಯೇ.

ಪ್ರಶ್ನೆ: ಆಪ್ತ ಗೆಳತಿಯ ಮೆಸೇಜ್‌ಗೆ ಐದು ತಿಂಗಳಿಂದ ಉತ್ತರಿಸಿಲ್ಲ. ಅವಳು ಉದ್ದಕ್ಕೆ ಬರೆದಿದ್ದಳು, ನಾನೂ ಹಾಗೇ ಬರೆಯಬೇಕು ಎಂದುಕೊಂಡು ಬಿಟ್ಟೆ. ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ?

ಉತ್ತರಿಸದೆ ಉಳಿದ ಮೆಸೇಜ್ ಸಾಲದ ಹಾಗೆ, ದಿನ ಕಳೆದಂತೆ ಬಡ್ಡಿ ಸೇರುತ್ತದೆ. ಒಂದು ವಾರ ತಡವಾದಾಗ ಎರಡು ಸಾಲು ಸಾಕಿತ್ತು. ತಿಂಗಳಾದಾಗ ಕಾರಣ ಹೇಳಬೇಕು ಅನ್ನಿಸಿತು, ಐದು ತಿಂಗಳಾದಾಗ ಪತ್ರವನ್ನೇ ಬರೆಯಬೇಕು ಅನ್ನಿಸುತ್ತಿದೆ. ಆದರೆ ಈ ಬಡ್ಡಿಯನ್ನು ಏರಿಸುತ್ತಿರುವುದು ನೀವೇ, ಅವಳಲ್ಲ.

ಇದನ್ನು ಧೈರ್ಯ ತುಂಬಲೆಂದು ಹೇಳುತ್ತಿಲ್ಲ. ಸಂಶೋಧಕಿ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇದೇ ಕಂಡುಬಂದಿತು: ಬಹುದಿನದ ನಂತರ ಮಾತಾಡಿಸಿದರೆ ಎದುರಿನವರಿಗೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ಮಾತಾಡಿಸುವವರು ಕಡಿಮೆ ಅಂದಾಜು ಮಾಡುತ್ತಾರೆ. ಅನಿರೀಕ್ಷಿತವಾಗಿ ಬಂದ ಮೆಸೇಜ್‌ಗೆ ಬೆಲೆ ಇನ್ನೂ ಹೆಚ್ಚು. ಅಂದರೆ ನೀವು ಯಾವುದನ್ನು ಅಡ್ಡಿ ಎಂದುಕೊಂಡಿದ್ದೀರೋ ಆ ಐದು ತಿಂಗಳ ಮೌನವೇ ನಿಮ್ಮ ಮೆಸೇಜನ್ನು ಹೆಚ್ಚು ಬೆಲೆಯುಳ್ಳದ್ದಾಗಿ ಮಾಡುತ್ತದೆ.

ಬರೆಯುವಾಗ ಕ್ಷಮೆಗೆ ಒಂದೇ ಸಾಲು ಕೊಡಿ. ಕ್ಷಮೆ ಉದ್ದವಾದರೆ ಅವಳು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಅವಳ ಹಳೆಯ ಮೆಸೇಜ್‌ನ ಎಲ್ಲ ಅಂಶಕ್ಕೂ ಉತ್ತರಿಸಬೇಡಿ, ಒಂದನ್ನು ಆರಿಸಿ. ನಿಮ್ಮ ಕಡೆಯಿಂದ ಒಂದೇ ಒಂದು ಇತ್ತೀಚಿನ ಸಂಗತಿ ಹೇಳಿ. ಕೊನೆಗೆ ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇರಲಿ. ಹೀಗೆ:

"ಲೇ, ಐದು ತಿಂಗಳು ತಡ, ತಪ್ಪಾಯ್ತು. ನಿನ್ನ ಮೆಸೇಜ್ ಇವತ್ತು ಮತ್ತೆ ಓದಿದೆ. ಆ ಡ್ರೈವಿಂಗ್ ಟೆಸ್ಟ್ ಕೊನೆಗೂ ಪಾಸಾಯ್ತಾ? ನಾನು ಹೋದ ತಿಂಗಳು ಮನೆ ಬದಲಿಸಿದೆ, ಇನ್ನೂ ಅರ್ಧ ಡಬ್ಬ ಬಿಚ್ಚಿಲ್ಲ. ಉದ್ದ ಬರೀಬೇಡ, ಟೆಸ್ಟ್ ವಿಷ್ಯ ಮಾತ್ರ ಹೇಳು."

ಕೊನೆಯ ವಾಕ್ಯ ಮುಖ್ಯ. ಇಬ್ಬರೂ ಉದ್ದಕ್ಕೆ ಬರೆಯಬೇಕು ಎಂಬ ನಿರೀಕ್ಷೆಯೇ ನಿಮ್ಮನ್ನು ಕಟ್ಟಿಹಾಕಿದ್ದು, ಅದನ್ನು ಈ ವಾಕ್ಯ ಬಿಡಿಸುತ್ತದೆ. "ಶೀಘ್ರದಲ್ಲೇ ಫೋನ್ ಮಾಡ್ತೀನಿ" ಎಂದು ಬರೆಯಬೇಡಿ. ದಿನ ಹೇಳಲಾಗದಿದ್ದರೆ ಅದು ಇನ್ನೊಂದು ಸಾಲ.

ಇಷ್ಟಾದರೂ ಕೈ ಓಡದಿದ್ದರೆ ಒಂದು ಉಪಾಯವಿದೆ. ಮನೋವಿಜ್ಞಾನಿಗಳಾದ ಲಾರಾ ಆಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗೆಳೆಯರಿಗೆ ಬರೆಯಲು ಇಷ್ಟವಿದ್ದು, ಮೆಸೇಜ್ ಟೈಪ್ ಮಾಡಲು ಸಮಯ ಕೊಟ್ಟರೂ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನ ಅದನ್ನು ಕಳಿಸಿದರು. ಮೊದಲು ಈಗಿನ ಗೆಳೆಯರಿಗೆ ಕೆಲವು ನಿಮಿಷ ಮೆಸೇಜ್ ಕಳಿಸಿ ಕೈ ಸಡಿಲಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಳಿಸಿದರು. ನೀವೂ ದಿನವೂ ಮಾತಾಡುವ ಇಬ್ಬರಿಗೆ ಏನಾದರೂ ಕಳಿಸಿ, ಅದೇ ಬಿಸಿಯಲ್ಲಿ ಇವಳಿಗೂ ಕಳಿಸಿಬಿಡಿ.

ಪ್ರಶ್ನೆ: ನನ್ನ ಗೆಳೆಯ ಹತ್ತು ನಿಮಿಷದ ವಾಯ್ಸ್ ನೋಟ್ ಕಳಿಸುತ್ತಾನೆ. ಕೇಳಲು ಆಗುವುದಿಲ್ಲ, ಹಾಗೆಂದು ಹೇಳಲೂ ಆಗುವುದಿಲ್ಲ.

ವಾಯ್ಸ್ ನೋಟ್ ಒಳ್ಳೆಯ ಸಾಧನ. ದನಿಯಲ್ಲಿ ದಣಿವು, ಖುಷಿ, ಹಿಂಜರಿಕೆ ಎಲ್ಲವೂ ತಿಳಿಯುತ್ತದೆ, ಟೈಪ್ ಮಾಡಿದ್ದರಲ್ಲಿ ಅದು ಬರುವುದಿಲ್ಲ. ತೊಂದರೆ ಏನೆಂದರೆ ಬರೆದದ್ದನ್ನು ಕಣ್ಣಾಡಿಸಬಹುದು, ಕೇಳುವುದನ್ನು ಕಣ್ಣಾಡಿಸಲಾಗದು. ಹತ್ತು ನಿಮಿಷದ ನೋಟ್‌ನಲ್ಲಿ ನಾಲ್ಕೈದು ವಿಷಯ ಇರುತ್ತವೆ, ಮುಗಿಯುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ, ಉತ್ತರಿಸಲು ಮತ್ತೆ ಕೇಳಬೇಕಾಗುತ್ತದೆ.

ಅವನಿಗೆ ಅಳತೆ ಹೇಳಿ, ದೂರು ಹೇಳಬೇಡಿ: "ಒಂದೊಂದು ವಿಷಯಕ್ಕೆ ಒಂದೊಂದು ನೋಟ್ ಮಾಡು, ಎರಡು ನಿಮಿಷದೊಳಗೆ. ಆಗ ಯಾವುದಕ್ಕೆ ಉತ್ತರ ಕೊಡ್ತಿದ್ದೀನಿ ಅಂತ ಅದರ ಮೇಲೇ ರಿಪ್ಲೈ ಒತ್ತಬಹುದು." ಪ್ರತಿ ನೋಟ್‌ಗೆ ಮೊದಲು ಒಂದು ಸಾಲಿನ ಸೂಚನೆ ಟೈಪ್ ಮಾಡಲಿ: "ಅಣ್ಣನ ವಿಷಯ, ತುರ್ತಿಲ್ಲ." ಆಫೀಸಿನಲ್ಲಿ ಕೂತವರಿಗೆ ಅದು ದೊಡ್ಡ ಉಪಕಾರ. ನಿಮ್ಮ ಕಡೆಯಿಂದ: ನಡೆಯುವಾಗ ಕೇಳಿ, ಕೇಳುತ್ತಿದ್ದಂತೆ ನೆನಪಾದದ್ದನ್ನು ಅಲ್ಲಲ್ಲೇ ನಿಲ್ಲಿಸಿ ಟೈಪ್ ಮಾಡಿ. 1.5 ಅಥವಾ 2 ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯವಿದೆ. ಮಾಹಿತಿ ಹೇಳುವ ನೋಟ್‌ಗೆ ಅದು ಸರಿ. ಅವನು ನೊಂದು ಮಾತಾಡುತ್ತಿದ್ದರೆ ಮಾತ್ರ ಸಾಮಾನ್ಯ ವೇಗದಲ್ಲೇ ಕೇಳಿ, ಮಾತಿನ ನಡುವಿನ ಮೌನವನ್ನೂ ಕೇಳಬೇಕು.

ಹತ್ತು ನಿಮಿಷದ ನೋಟ್ ಪದೇ ಪದೇ ಬರುತ್ತಿದ್ದರೆ ಅವನಿಗೆ ಬೇಕಿರುವುದು ಫೋನ್ ಕರೆ ಎಂದು ತಿಳಿಯಿರಿ. ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2021ರಲ್ಲಿ ತೋರಿಸಿದಂತೆ, ಹಳೆಯ ಪರಿಚಿತರೊಂದಿಗೆ ಫೋನಿನಲ್ಲಿ ಮಾತಾಡುವುದು ಮುಜುಗರ ಎಂದು ಜನ ಮೊದಲೇ ಭಾವಿಸುತ್ತಾರೆ. ಮಾತಾಡಿದ ಮೇಲೆ ನೋಡಿದರೆ ಇಮೇಲ್ ಬರೆದವರಿಗಿಂತ ಮುಜುಗರವೇನೂ ಹೆಚ್ಚಿರುವುದಿಲ್ಲ, ಆದರೆ ಹತ್ತಿರವಾದ ಭಾವನೆ ಹೆಚ್ಚಿರುತ್ತದೆ.

ಪ್ರಶ್ನೆ: ಒಬ್ಬಳು ಬೇರೆ ದೇಶದಲ್ಲಿ, ಇನ್ನೊಬ್ಬಳಿಗೆ ರಾತ್ರಿ ಪಾಳಿ. ಮೂವರೂ ಕರೆಗೆ ಸೇರುವ ಹೊತ್ತೇ ಸಿಗುತ್ತಿಲ್ಲ.

ಪ್ರತಿ ಸಲ ಹೊಸದಾಗಿ ಸಮಯ ಹುಡುಕುವುದನ್ನು ಬಿಡಿ. ಮೂವರ ಎಚ್ಚರದ ಗಂಟೆಗಳನ್ನು ಒಂದೇ ಹಾಳೆಯಲ್ಲಿ, ಒಂದೇ ಊರಿನ ಗಡಿಯಾರಕ್ಕೆ ಬದಲಿಸಿ ಬರೆಯಿರಿ. ಕೆಲಸಕ್ಕೆ ಹೋಗುವ ಮುನ್ನದ ಮುಕ್ಕಾಲು ಗಂಟೆ, ಪಾಳಿ ಮುಗಿಸಿ ಬರುವ ದಾರಿ, ರಜೆಯ ಬೆಳಗು, ಇವುಗಳಲ್ಲೇ ಹೊತ್ತು ಸಿಗುವುದು. ತಿಂಗಳಿಗೆ ಎರಡು ಸಲ ಸಾಕು. ಕ್ಯಾಲೆಂಡರ್ ಆ್ಯಪ್‌ನಲ್ಲಿ ಮರುಕಳಿಸುವ ಕಾರ್ಯಕ್ರಮ ಮಾಡಿ ಮೂವರಿಗೂ ಆಹ್ವಾನ ಕಳಿಸಿ, ಆಗ ಅವರವರ ಫೋನಿನಲ್ಲಿ ಅವರವರ ಸಮಯವೇ ಕಾಣುತ್ತದೆ. 40 ನಿಮಿಷಕ್ಕೆ ಮುಗಿಸಿ. ಎರಡು ಗಂಟೆ ಮಾತಾಡಿದ ಕರೆ ಸೊಗಸಾಗಿಯೇ ಇರುತ್ತದೆ, ಆದರೆ ಮುಂದಿನ ಸಲ "ಎರಡು ಗಂಟೆ ಬಿಡುವಿಲ್ಲ" ಎಂದು ಕರೆಯೇ ರದ್ದಾಗುತ್ತದೆ.

ಇಲ್ಲಿ ಹೆಚ್ಚು ಜನ ಎಡವುವುದು ಗಡಿಯಾರ ಬದಲಾಗುವ ವಾರಗಳಲ್ಲಿ. ಬೇಸಿಗೆಯ ದೀರ್ಘ ಹಗಲನ್ನು ಬಳಸಿಕೊಳ್ಳಲೆಂದು ಯುರೋಪಿನ ಬಹುತೇಕ ದೇಶಗಳು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತವೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಅದು ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಗಡಿಯಾರವನ್ನೇ ಬದಲಿಸದ ದೇಶಗಳೂ ಬಹಳ. ಹೀಗಾಗಿ ಆ ತಿಂಗಳುಗಳಲ್ಲಿ ವ್ಯತ್ಯಾಸ ಒಂದು ಗಂಟೆ ಜರುಗುತ್ತದೆ, ಒಬ್ಬಳು ಕಾದು ಬೇಸತ್ತು ಫೋನ್ ಇಟ್ಟಿರುತ್ತಾಳೆ. ಪಾಳಿಯ ಕಾರಣ ಯಾರ ಸಮಯಕ್ಕೆ ಹೊಂದಾಣಿಕೆ ಕಡಿಮೆಯೋ ಅವಳ ಊರಿನ ಗಡಿಯಾರಕ್ಕೆ ಕಾರ್ಯಕ್ರಮವನ್ನು ಕಟ್ಟಿ, ಉಳಿದಿಬ್ಬರೂ ಬದಲಾವಣೆಯ ವಾರ ನೋಡಿಕೊಳ್ಳಲಿ. ಮತ್ತೆ, ಮೂವರಲ್ಲಿ ಇಬ್ಬರು ಬಂದರೂ ಕರೆ ನಡೆಯಲಿ. ಮೂವರೂ ಬಂದರೆ ಮಾತ್ರ ಎಂದರೆ ವರ್ಷಕ್ಕೊಂದೂ ನಡೆಯುವುದಿಲ್ಲ.

ಪ್ರಶ್ನೆ: ಗೆಳತಿಗೆ ಮಗುವಾಗಿದೆ. ಮೆಸೇಜ್ ಮಾಡಿದರೆ ಎರಡು ವಾರಕ್ಕೆ ಒಂದು ಎಮೋಜಿ ಬರುತ್ತದೆ. ಅವಳಿಗೆ ನಾನು ಬೇಡವಾದೆನೇ?

ಇಲ್ಲ. ಹೊಸ ಮಗುವಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು, ಹಗಲು ರಾತ್ರಿ ಎಂಬ ವ್ಯತ್ಯಾಸವಿಲ್ಲ. ತುಂಡು ತುಂಡು ನಿದ್ದೆಯಲ್ಲಿ ಬದುಕುವವರಿಗೆ ಯೋಚಿಸಿ ಬರೆಯಬೇಕಾದ ಮೆಸೇಜ್ ಬೆಟ್ಟವಾಗಿ ಕಾಣುತ್ತದೆ. ನೀವು ಕಳಿಸುವುದನ್ನು ನಿಲ್ಲಿಸಬೇಡಿ, ಉತ್ತರದ ಭಾರವನ್ನು ಮಾತ್ರ ತೆಗೆಯಿರಿ. ಮೊದಲ ಸಾಲಿನಲ್ಲೇ "ಉತ್ತರ ಬೇಡ" ಎಂದು ಬರೆದು, ನಿಮ್ಮ ದಿನದ ಒಂದು ಸಂಗತಿ ಹೇಳಿ. ಅರ್ಧರಾತ್ರಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಫೋನ್ ನೋಡುವ ತಾಯಿಗೆ, ಮಗುವಿನ ತೂಕ ಕೇಳದ ಒಂದು ಮೆಸೇಜ್ ಎಂದರೆ ಎಷ್ಟೋ ಸಮಾಧಾನ.

"ಏನಾದರೂ ಬೇಕಾದರೆ ಹೇಳು" ಎನ್ನುವುದು ಪ್ರೀತಿಯ ಮಾತೇ, ಆದರೆ ಏನು ಬೇಕೆಂದು ಯೋಚಿಸುವ ಕೆಲಸವನ್ನೂ ಅದು ಅವಳಿಗೇ ಹೊರಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಿ: "ಶನಿವಾರ ಬಂದು ಒಂದು ಗಂಟೆ ಮಗು ನೋಡ್ಕೊಳ್ಲಾ, ಇಲ್ಲ ಊಟ ತಂದುಕೊಟ್ಟು ಹೋಗ್ಲಾ?" ಒಂದೇ ಪದ ಒತ್ತಿದರೆ ಮುಗಿಯಿತು.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಅವಳ ಕಷ್ಟದ ಮುಂದೆ ತಮ್ಮ ಕಷ್ಟ ಸಣ್ಣದು ಎಂದು ಹೇಳುವುದನ್ನೇ ಬಿಡುತ್ತಾರೆ. ವರ್ಷದ ನಂತರ ಅವಳು ಬಿಡುವಾಗಿ ತಿರುಗಿ ನೋಡುವಾಗ ನಿಮ್ಮ ಬದುಕಿನ ಒಂದಿಡೀ ಅಧ್ಯಾಯ ಅವಳಿಗೆ ಗೊತ್ತೇ ಇರುವುದಿಲ್ಲ. ಹೇಳುತ್ತಿರಿ.

ಪ್ರಶ್ನೆ: ಕೆಲಸ ಹೋಗಿದೆ. ಗೆಳೆಯರೆಲ್ಲ ಬಡ್ತಿ, ಹೊಸ ಮನೆ ಎಂದು ಹಾಕುತ್ತಿದ್ದಾರೆ. ಯಾರಿಗೂ ಹೇಳಿಲ್ಲ. ಹೇಗೆ ಹೇಳಲಿ?

ಎಲ್ಲರಿಗೂ ಒಟ್ಟಿಗೆ ಹೇಳಬೇಕಿಲ್ಲ, ಕ್ರಮ ಮುಖ್ಯ. ಮೊದಲು ಒಬ್ಬರಿಗೆ ಹೇಳಿ. ಕೂಡಲೇ ಪರಿಹಾರ ಸೂಚಿಸದೆ ಕೇಳಿಸಿಕೊಳ್ಳಬಲ್ಲವರು ಯಾರೋ ಅವರಿಗೆ, ಬಾಯಿಮಾತಿನಲ್ಲಿ. ಮಾತಿಗೆ ಮುಂಚೆ ನಿಮಗೆ ಬೇಕಾದದ್ದನ್ನು ಸ್ಪಷ್ಟ ಮಾಡಿ: "ಸಲಹೆ ಈಗ ಬೇಡ, ಹತ್ತು ನಿಮಿಷ ಕೇಳು ಸಾಕು." ಇದನ್ನು ಹೇಳದಿದ್ದರೆ ಒಳ್ಳೆಯ ಮನಸ್ಸಿನವರೂ ಎರಡನೆಯ ನಿಮಿಷಕ್ಕೆ ರೆಸ್ಯೂಮೆ ತಿದ್ದಲು ಶುರು ಮಾಡುತ್ತಾರೆ, ನಿಮಗೆ ಮನಸ್ಸು ಮುದುಡುತ್ತದೆ.

ಕೆಲವು ದಿನ ಬಿಟ್ಟು, ಆಪ್ತರ ಗ್ರೂಪ್‌ಗೆ ಬರೆಯಿರಿ. ನಡೆದದ್ದು ಒಂದು ಸಾಲು, ಈಗಿನ ಸ್ಥಿತಿ ಒಂದು ಸಾಲು, ಏನು ಬೇಕು ಒಂದು ಸಾಲು: "ಹೋದ ತಿಂಗಳು ಕೆಲಸ ಹೋಯ್ತು. ಸದ್ಯಕ್ಕೆ ಖರ್ಚಿಗೆ ತೊಂದರೆ ಇಲ್ಲ, ಹುಡುಕ್ತಿದ್ದೀನಿ. 'ಏನಾಯ್ತು' ಅಂತ ದಿನಾ ಕೇಳ್ಬೇಡಿ, ಸಿಕ್ಕಾಗ ನಾನೇ ಕುಣ್ಕೊಂಡು ಹೇಳ್ತೀನಿ. ಬೇರೆ ವಿಷ್ಯಕ್ಕೆ ಎಂದಿನ ಹಾಗೆ ಮಾತಾಡಿ." ಖರ್ಚಿನ ಮಾತು ಸೇರಿಸಿದ್ದಕ್ಕೆ ಕಾರಣವಿದೆ. ಹಣದ ಸಹಾಯ ಬೇಕೇ ಎಂದು ನಿಮ್ಮನ್ನು ಕೇಳಬೇಕೋ ಬೇಡವೋ ಎಂಬ ಅನುಮಾನದಲ್ಲೇ ಕೆಲವರು ದೂರ ಉಳಿಯುತ್ತಾರೆ. ಖರ್ಚಿಗೆ ನಿಜವಾಗಿ ತೊಂದರೆ ಇದ್ದರೆ ಅದನ್ನು ಗ್ರೂಪ್‌ನಲ್ಲಿ ಬರೆಯಬೇಡಿ, ಮೊದಲು ಹೇಳಿದ ಆ ಒಬ್ಬರಿಗೆ ಹೇಳಿ.

ಮೂರನೆಯದು ಪರಿಚಿತರ ದೊಡ್ಡ ವಲಯ. ಇವರಿಗೆ ಭಾವನೆಯ ವಿವರ ಬೇಡ, ಯಾವ ಬಗೆಯ ಕೆಲಸ ಹುಡುಕುತ್ತಿದ್ದೀರಿ ಎಂದು ಹೇಳಿದರೆ ಸಾಕು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ವಾದಿಸಿದಂತೆ, ಆಪ್ತರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಷ್ಟಾಗಿ ಹತ್ತಿರವಿಲ್ಲದವರಿಂದ. ಯಾವಾಗಲೋ ಒಂದೇ ಬೆಂಚಿನಲ್ಲಿ ಕೂತವರಿಗೆ ಬರೆಯಲು ಸಂಕೋಚ ಬೇಡ.

ಪ್ರಶ್ನೆ: ಗೆಳೆಯ ಒಳ್ಳೆಯ ಸುದ್ದಿ ಹೇಳಿದರೆ "ಸೂಪರ್ ಮಗಾ, ಕಂಗ್ರಾಟ್ಸ್" ಎನ್ನುತ್ತೇನೆ, ಅಲ್ಲಿಗೆ ಮಾತು ನಿಲ್ಲುತ್ತದೆ. ನನಗೆ ನಿಜಕ್ಕೂ ಖುಷಿಯಾಗಿರುತ್ತದೆ, ಆದರೆ ಮುಂದೆ ಏನು ಹೇಳಬೇಕೋ ತೋಚದು.

ಮನೋವಿಜ್ಞಾನಿ ಶೆಲಿ ಗೇಬಲ್ ಮತ್ತು ಸಂಗಡಿಗರು 2004ರ ತಮ್ಮ ಸಂಶೋಧನೆಯಲ್ಲಿ ಒಳ್ಳೆಯ ಸುದ್ದಿಗೆ ಬರುವ ಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಉತ್ಸಾಹದಿಂದ ವಿವರ ಕೇಳುವುದು, ತಣ್ಣಗೆ ಮೆಚ್ಚುವುದು, ಅದರಲ್ಲಿ ಕೊಂಕು ಹುಡುಕುವುದು, ಗಮನವನ್ನೇ ಕೊಡದಿರುವುದು. ಸಂಬಂಧದ ತೃಪ್ತಿ, ಆಪ್ತತೆಯ ಜೊತೆ ಮೊದಲನೆಯದು ಮಾತ್ರ ಕೂಡಿ ಬರುತ್ತಿತ್ತು. ತಣ್ಣಗೆ ಮೆಚ್ಚುವುದಕ್ಕೂ ಆ ಫಲವಿರಲಿಲ್ಲ. ಅವರು ನೋಡಿದ್ದು ಜೋಡಿಗಳನ್ನು, ಆದರೂ ಗೆಳೆತನಕ್ಕೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ.

ನಿಮ್ಮ "ಸೂಪರ್ ಮಗಾ" ಎರಡನೆಯ ಬಗೆಯದು. ಅದರ ಬೆನ್ನಿಗೇ ಒಂದು ಪ್ರಶ್ನೆ ಬರಲಿ, ಅದು ಆ ಗಳಿಗೆಯ ಬಗ್ಗೆ ಇರಲಿ. "ಎಷ್ಟು ಸಂಬಳ?" ಬೇಡ. "ಫೋನ್ ಬಂದಾಗ ಎಲ್ಲಿದ್ದೆ?", "ಮೊದಲು ಯಾರಿಗೆ ಹೇಳ್ದೆ?", "ಆ ಕೊನೇ ರೌಂಡ್‌ನಲ್ಲಿ ಏನು ಕೇಳಿದ್ರು?" ಇಂಥದನ್ನು ಕೇಳಿದರೆ ಅವನು ಆ ಸಂತೋಷವನ್ನು ಇನ್ನೊಮ್ಮೆ ಅನುಭವಿಸುತ್ತಾನೆ, ಈ ಬಾರಿ ನಿಮ್ಮ ಜೊತೆ. ಹೊಸ ಕೆಲಸಕ್ಕೆ ಸೇರುವ ದಿನಾಂಕ ಕೇಳಿ ಫೋನಿನಲ್ಲಿ ಗುರುತು ಹಾಕಿಕೊಂಡು, ಒಂದು ವಾರ ಕಳೆದ ಮೇಲೆ "ಹೊಸ ಟೀಮ್ ಹೇಗಿದೆ?" ಎಂದು ಕೇಳಿ. ಮೊದಲ ದಿನ ಎಲ್ಲರೂ ಶುಭ ಹಾರೈಸುತ್ತಾರೆ. ಏಳನೆಯ ದಿನ ಕೇಳುವವರು ಕಡಿಮೆ, ನಿಜವಾಗಿ ಹೇಳಿಕೊಳ್ಳಬೇಕು ಅನ್ನಿಸುವುದು ಆಗಲೇ.

ಪ್ರಶ್ನೆ: ಯಾವಾಗಲೂ ನಾನೇ ಮೊದಲು ಮೆಸೇಜ್ ಮಾಡಬೇಕು. ನಿಲ್ಲಿಸಿ ಪರೀಕ್ಷಿಸಿ ನೋಡಲೇ?

ಬೇಡ. ನೀವು ಪರೀಕ್ಷೆ ಇಟ್ಟಿರುವುದು ಅವರಿಗೆ ಗೊತ್ತಿರುವುದಿಲ್ಲ, ಫಲಿತಾಂಶವನ್ನು ಮಾತ್ರ ನೀವು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ. ಯಾರು ಮೊದಲು ಮಾತಾಡಿಸುತ್ತಾರೆ ಎಂಬುದನ್ನು ಬಿಟ್ಟು, ಮಾತಾಡಿಸಿದಾಗ ಏನಾಗುತ್ತದೆ ಎಂದು ನೋಡಿ. ಉತ್ತರ ಪೂರ್ತಿಯಾಗಿ ಬರುತ್ತದೆಯೇ? ನಿಮ್ಮ ಬಗ್ಗೆ ಮರುಪ್ರಶ್ನೆ ಬರುತ್ತದೆಯೇ? ಹಿಂದೆ ಹೇಳಿದ್ದು ನೆನಪಿದೆಯೇ? ಸಿಗೋಣ ಎಂದರೆ ಬರುತ್ತಾರೆಯೇ? ಇವು ಇದ್ದರೆ ಶುರು ಮಾಡುವ ಅಭ್ಯಾಸ ಅವರಿಗಿಲ್ಲ ಅಷ್ಟೆ, ಗೆಳೆತನಕ್ಕೆ ಏನೂ ಆಗಿಲ್ಲ. ನೇರವಾಗಿ ಒಂದು ಕೆಲಸ ಒಪ್ಪಿಸಿ: "ಮುಂದಿನ ತಿಂಗಳು ಫೋನ್ ಮಾಡೋದು ನಿನ್ನ ಪಾಳಿ, ಮರೀಬೇಡ." ಎಷ್ಟೋ ಜನ ಹೇಳಿದರೆ ಮಾಡುತ್ತಾರೆ.

ಈ ಯಾವುದೂ ಇಲ್ಲದೆ ಆರು ತಿಂಗಳು ಕಳೆದಿದ್ದರೆ, ವಾರದ ಮೆಸೇಜನ್ನು ಮೂರು ತಿಂಗಳಿಗೊಂದಕ್ಕೆ ಇಳಿಸಿ. ಬಾಗಿಲು ಹಾಕಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಒಬ್ಬರ ಅತಿ ಕೆಟ್ಟ ವರ್ಷವನ್ನೇ ಅವರ ಸ್ವಭಾವ ಎಂದು ತಪ್ಪು ತಿಳಿಯುವುದು ಸುಲಭ.

ಪ್ರಶ್ನೆ: ಎಷ್ಟು ಜನರ ಜೊತೆ ಹೀಗೆ ಸಂಪರ್ಕ ಇಟ್ಟುಕೊಳ್ಳಲು ಸಾಧ್ಯ? ನನಗೆ ಎಲ್ಲರೂ ಬೇಕು.

ಎಲ್ಲರನ್ನೂ ಒಂದೇ ಹತ್ತಿರದಲ್ಲಿ ಇಟ್ಟುಕೊಳ್ಳಲಾಗದು. ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಹೇಳುವ ವರ್ತುಲಗಳು ಸರಿಸುಮಾರು ಹೀಗಿವೆ: ಅತಿ ಆಪ್ತರು 5, ಅವರನ್ನೂ ಸೇರಿಸಿ ಒಳ್ಳೆಯ ಗೆಳೆಯರು 15, ಆಮೇಲೆ 50, ಕೊನೆಗೆ 150. ಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೋ ಕೆಲಸಕ್ಕೋ ಹೊರಟ 24 ಜನರ ಫೋನ್ ಕರೆಗಳನ್ನು 18 ತಿಂಗಳು ಗಮನಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ಗೆಳೆಯರು ಬದಲಾದರೂ, ಮೊದಲ ಸ್ಥಾನದವರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಎಂದು ಒಬ್ಬೊಬ್ಬರೂ ಹಂಚುವ ಮಾತಿನ ಪಾಲು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹೊಸಬರು ಒಳಗೆ ಬಂದಾಗ ಯಾರೋ ಒಬ್ಬರು ಹೊರಗಿನ ವರ್ತುಲಕ್ಕೆ ಜರುಗುತ್ತಾರೆ.

ಯಾರು ಜರುಗಬೇಕು ಎಂಬುದನ್ನು ಆಕಸ್ಮಿಕಕ್ಕೆ ಬಿಡದೆ ನೀವೇ ನಿರ್ಧರಿಸಿ ಎಂಬುದಷ್ಟೇ ನಮ್ಮ ಸಲಹೆ. ಫೋನಿನ ನೋಟ್ಸ್‌ನಲ್ಲಿ ಮೂರು ಭಾಗ ಮಾಡಿ: ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಮೊದಲ ಭಾಗದಲ್ಲಿ ಐದಕ್ಕಿಂತ ಹೆಚ್ಚು ಹೆಸರು ಬೇಡ. ಪ್ರತಿ ಹೆಸರಿನ ಮುಂದೆ ಮೂರೇ ವಿಷಯ ಬರೆಯಿರಿ: ಕೊನೆಯ ಸಲ ಹೇಳಿದ್ದು, ಮುಂದೆ ಬರಲಿರುವುದು, ಅವರ ಬದುಕಿನಲ್ಲಿ ಈಗ ಇರುವವರ ಹೆಸರು. "ಎಂಟನೇ ತಾರೀಕು ತಂದೆಯ ಕಣ್ಣಿನ ಆಪರೇಷನ್. ಹೊಸ ಮ್ಯಾನೇಜರ್ ಜೊತೆ ಸರಿ ಹೋಗ್ತಿಲ್ಲ." ಇಷ್ಟು ಸಾಕು. ಪಟ್ಟಿ ನೋಡಿ ನೆನಪಿಸಿಕೊಳ್ಳುವುದು ಕೃತಕ ಎಂದು ಕೆಲವರಿಗೆ ಅನ್ನಿಸಬಹುದು. ಒಂಬತ್ತನೇ ತಾರೀಕು "ಅಪ್ಪ ಹೇಗಿದ್ದಾರೆ?" ಎಂಬ ಮೆಸೇಜ್ ಪಡೆದವರಿಗೆ ಹಾಗೆ ಅನ್ನಿಸುವುದಿಲ್ಲ.

ಹೊಸ ಊರಿನಲ್ಲಿ ಆಪ್ತರು ಸಿಗುತ್ತಿಲ್ಲ ಎಂದು ಕೊರಗುವವರಿಗೂ ಒಂದು ಲೆಕ್ಕ ಇಲ್ಲಿ ಹೇಳಬೇಕು. ಸಂವಹನ ಸಂಶೋಧಕ ಜೆಫ್ರಿ ಹಾಲ್ ಅವರ 2018ರ ಅಂದಾಜಿನಂತೆ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನ ಗಟ್ಟಿಯಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಜೊತೆಯಲ್ಲಿ ಕಳೆಯಬೇಕು. ವಾರಕ್ಕೆ ನಾಲ್ಕು ಗಂಟೆ ಸಿಕ್ಕರೂ ಆಪ್ತತೆಗೆ ಒಂದು ವರ್ಷ ಹಿಡಿಯುತ್ತದೆ. ಹಳಬರನ್ನು ಬಿಡದಿರಲು ಇದೂ ಒಂದು ಕಾರಣ, ಆ ಗಂಟೆಗಳನ್ನು ನೀವು ಈಗಾಗಲೇ ಕಳೆದಿದ್ದೀರಿ.

ಪ್ರಶ್ನೆ: ಗೆಳತಿಯ ನಿಶ್ಚಿತಾರ್ಥ ಇನ್‌ಸ್ಟಾಗ್ರಾಮ್ ಸ್ಟೋರಿ ನೋಡಿ ತಿಳಿಯಿತು. ನನಗೆ ಮೊದಲು ಹೇಳಲಿಲ್ಲ ಎಂಬ ನೋವು.

ನೋವು ಸಹಜ. ಆದರೆ ಮೊದಲ ಮೆಸೇಜ್‌ನಲ್ಲಿ ಅದನ್ನು ಹಾಕಬೇಡಿ, ಆ ದಿನ ಅವಳದು. ಶುಭಾಶಯ ಹೇಳಿ, ವಿವರ ಕೇಳಿ. ಎರಡು ಮೂರು ವಾರದ ನಂತರ, ಫೋನಿನಲ್ಲಿ, ಒಂದು ಸಲ ಮಾತ್ರ ಹೇಳಿ: "ಸ್ಟೋರಿ ನೋಡಿ ಗೊತ್ತಾಯ್ತು, ಸ್ವಲ್ಪ ಬೇಜಾರಾಯ್ತು. ಇನ್ಮುಂದೆ ಒಂದು ಸಾಲು ಮೊದಲೇ ಹಾಕು." ಅಂಥ ದಿನಗಳಲ್ಲಿ ಮನೆಯವರ ಪಟ್ಟಿಯೇ ಮುಗಿಯದೆ, ಯಾರಿಗೆ ಹೇಳಿದೆ ಯಾರಿಗೆ ಬಿಟ್ಟೆ ಎಂಬ ಲೆಕ್ಕ ಅವಳಿಗೂ ತಪ್ಪಿರಬಹುದು.

ದೊಡ್ಡ ಸುದ್ದಿ ಹೇಳಲಿರುವವರಿಗೂ ಒಂದು ಮಾತು: ಪೋಸ್ಟ್ ಹಾಕುವ ಹಿಂದಿನ ದಿನ ಹತ್ತು ಜನರಿಗೆ ಹೆಸರು ಹಿಡಿದು ಪ್ರತ್ಯೇಕ ಮೆಸೇಜ್ ಕಳಿಸಿ. ಒಂದೇ ಪಠ್ಯ ಆಗಬಹುದು, ಮೊದಲ ಪದ ಅವರ ಹೆಸರಾಗಿರಲಿ. ಹದಿನೈದು ನಿಮಿಷದ ಕೆಲಸ.

ಪ್ರಶ್ನೆ: ಫೋನ್ ನಂಬರ್ ಬದಲಾಗುತ್ತಿದೆ. ಗೆಳೆಯರ ಸಂಪರ್ಕ ತಪ್ಪದಂತೆ ಏನು ಮಾಡಬೇಕು?

ಹಳೆಯ ಸಿಮ್ ಚಾಲ್ತಿಯಲ್ಲಿರುವಾಗಲೇ ಮಾಡಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ ನಂಬರ್ ಬದಲಿಸುವ ಆಯ್ಕೆಯಿದೆ. ಅದರಲ್ಲಿ ಹಳೆಯದು, ಹೊಸದು ಎರಡನ್ನೂ ದೇಶದ ಕೋಡ್ ಸಮೇತ ಕೊಟ್ಟರೆ ಚಾಟ್‌ಗಳು, ಗ್ರೂಪ್‌ಗಳು ಹಾಗೆಯೇ ಉಳಿಯುತ್ತವೆ. ಗ್ರೂಪ್‌ಗಳಲ್ಲಿ ಬದಲಾವಣೆ ತಾನಾಗಿಯೇ ಕಾಣುತ್ತದೆ. ಬಿಡಿ ಸಂಪರ್ಕಗಳಿಗೆ ತಿಳಿಸಬೇಕೇ ಎಂದು ಕೇಳುವಲ್ಲಿ ಹೌದು ಎನ್ನಿ. ಈ ಆಯ್ಕೆ ಬಳಸದೆ ಹೊಸ ನಂಬರ್‌ನಿಂದ ಹೊಸ ಅಕೌಂಟ್ ತೆರೆದರೆ ಗ್ರೂಪ್‌ಗಳೆಲ್ಲ ಹಳೆಯ ನಂಬರ್‌ನಲ್ಲೇ ಉಳಿದುಬಿಡುತ್ತವೆ. ಬಳಕೆ ನಿಂತ ಹಳೆಯ ನಂಬರನ್ನು ದೂರವಾಣಿ ಕಂಪನಿಗಳು ಕೆಲ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ, ನಿಮಗೆಂದು ಬರೆದ ಮೆಸೇಜ್ ಅಪರಿಚಿತರ ಕೈಗೆ ಹೋಗಬಹುದು. ಆದ್ದರಿಂದ ಹಳೆಯದನ್ನು ಡಿಲೀಟ್ ಮಾಡುವಂತೆ ಗೆಳೆಯರಿಗೆ ಹೇಳಿ. ಇಮೇಲ್, ಬ್ಯಾಂಕ್ ಖಾತೆಗಳಿಗೆ ಜೋಡಿಸಿದ ನಂಬರನ್ನೂ ಅದೇ ವಾರ ಬದಲಿಸಿ. ಅತಿ ಆಪ್ತ ಐವರ ನಂಬರನ್ನು ಕಾಗದದಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಳ್ಳಿ, ಫೋನ್ ಕಳೆದ ದಿನ ಬೇರೆ ದಾರಿ ಇರುವುದಿಲ್ಲ.